ಕಂಪನಿ ಬದಲಿಸುವ ಮೊದಲು, ನಿಧಾನ ಎಲ್ಲಿದೆ ಎಂದು ಹುಡುಕಿ

ಬಳ್ಳಾರಿ ನಗರದಲ್ಲಿ ಮನೆ, ಅಂಗಡಿಗಳಿಗೆ ಫೈಬರ್ ಸಂಪರ್ಕ ಕೊಡುವ ಮತ್ತು ಕೆಟ್ಟಾಗ ಸರಿಪಡಿಸುವ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಗುತ್ತಿಗೆಯ ಮೇಲೆ ಒಂದಕ್ಕಿಂತ ಹೆಚ್ಚು ಕಂಪನಿಗಳ ಕೆಲಸ ಮಾಡಿರುವುದರಿಂದ ಯಾರೊಬ್ಬರ ಪರವಾಗಿ ವಾದಿಸುವ ಹಂಗು ನನಗಿಲ್ಲ. ಗ್ರಾಹಕರಿಂದ ಅತಿ ಹೆಚ್ಚು ಕೇಳುವ ಮಾತು ಇದು: "ನೆಟ್ ಭಾಳ ಸ್ಲೋ ಐತ್ರಿ, ಈ ಕಂಪನಿ ಬಿಟ್ಟು ಬೇರೇದು ಹಾಕಿಸ್ಬೇಕಂತ ಮಾಡೀನಿ." ಈ ಮಾತಿಗೆ ಹೌದು ಅಥವಾ ಬೇಡ ಎಂದು ಉತ್ತರಿಸುವ ಮೊದಲು ವೇಗ ಯಾವ ಹಂತದಲ್ಲಿ ಕುಸಿಯುತ್ತಿದೆ ಎಂಬುದನ್ನು ಪತ್ತೆ ಹಚ್ಚಬೇಕು ಎನ್ನುವುದು ಈ ಕೆಲಸ ನನಗೆ ಕಲಿಸಿದ ಮುಖ್ಯ ಪಾಠ. ಫೋನಿನಿಂದ ಮನೆಯ ರೌಟರ್‌ವರೆಗೆ, ರೌಟರ್‌ನಿಂದ ಬೀದಿಯ ಕಂಬದವರೆಗೆ, ಕಂಬದಿಂದ ಕಂಪನಿಯ ಕೇಂದ್ರದವರೆಗೆ, ಅಲ್ಲಿಂದ ಹೊರಗಿನ ಇಂಟರ್ನೆಟ್‌ವರೆಗೆ ಹೀಗೆ ನಾಲ್ಕು ಹಂತಗಳಿವೆ. ಮೊದಲ ಹಂತದ ತೊಂದರೆಗೆ ಕಂಪನಿ ಬದಲಿಸಿದರೆ ಹಣ ಖರ್ಚಾಗುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ.

ಆದ್ದರಿಂದ ಮನೆಯೊಳಗೆ ಕಾಲಿಟ್ಟ ಕೂಡಲೇ ನಾನು ವೈಫೈಯನ್ನು ಬದಿಗಿಟ್ಟು, ಲ್ಯಾಪ್‌ಟಾಪನ್ನು ನೇರವಾಗಿ ತಂತಿಯಿಂದ ರೌಟರ್‌ಗೆ ಜೋಡಿಸಿ ವೇಗ ಅಳೆಯುತ್ತೇನೆ. ಇಲ್ಲಿ ಅಂಕಿಗಳನ್ನು ಓದುವ ರೀತಿ ತಿಳಿದಿರಬೇಕು. ಯೋಜನೆಯಲ್ಲಿ ಬರೆದಿರುವ 100 ಎಂಬಿಪಿಎಸ್ ಎನ್ನುವುದು ಸೆಕೆಂಡಿಗೆ 100 ಮೆಗಾಬಿಟ್. ಫೈಲ್ ಇಳಿಸುವಾಗ ಕಂಪ್ಯೂಟರ್ ತೋರಿಸುವುದು ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್ ಆಗುವುದರಿಂದ ಅಲ್ಲಿ ಹೆಚ್ಚೆಂದರೆ 12.5 ಕಾಣುತ್ತದೆ, ಅದು ಸರಿಯಾದ ವೇಗವೇ. 200 ಅಥವಾ 300ರ ಯೋಜನೆಗೆ ಹಣ ಕಟ್ಟಿದವರ ಮನೆಯಲ್ಲಿ ತಂತಿಯಲ್ಲೂ ವೇಗ 94ರ ಆಸುಪಾಸಿನಲ್ಲಿಯೇ ನಿಂತುಬಿಟ್ಟರೆ ನಾನು ಲೈನನ್ನು ಅನುಮಾನಿಸುವುದಿಲ್ಲ. ಹಳೆಯ ರೌಟರ್‌ನ ಪೋರ್ಟ್ 100 ಎಂಬಿಪಿಎಸ್‌ಗಿಂತ ಹೆಚ್ಚು ಸಾಗಿಸದಂಥದ್ದಾಗಿರುತ್ತದೆ, ಇಲ್ಲವೇ ಕೇಬಲ್‌ನ ಎಂಟು ಎಳೆಗಳಲ್ಲಿ ಒಂದು ತುಂಡಾಗಿರುತ್ತದೆ. ಗಿಗಾಬಿಟ್ ವೇಗಕ್ಕೆ ಎಂಟೂ ಎಳೆಗಳು ಬೇಕು. ನಾಲ್ಕು ಮಾತ್ರ ಸರಿಯಿದ್ದರೆ ಎರಡೂ ಬದಿಯ ಉಪಕರಣಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ.

ತಂತಿಯಲ್ಲಿ ಪೂರ್ಣ ವೇಗ ಬಂದು ಫೋನಿನಲ್ಲಿ ಬಾರದಿದ್ದರೆ ತೊಂದರೆ ಮನೆಯೊಳಗಿದೆ. ನನ್ನ ಅನುಭವದಲ್ಲಿ ನಿಧಾನದ ದೂರುಗಳಲ್ಲಿ ಹೆಚ್ಚಿನವು ಇಲ್ಲಿಯೇ ಮುಗಿಯುತ್ತವೆ. ಬ್ರೂಸ್‌ಪೇಟೆಯ ಕಡೆಯ ಹಳೆಯ ಮನೆಗಳಲ್ಲಿ ಕಲ್ಲಿನ ಗೋಡೆಗಳು ಎಷ್ಟು ದಪ್ಪ ಇರುತ್ತವೆಂದರೆ ಪಡಸಾಲೆಯಲ್ಲಿಟ್ಟ ರೌಟರ್‌ನ ಸಂಕೇತ ಹಿಂದಿನ ಕೋಣೆಗೆ ತಲುಪುವಷ್ಟರಲ್ಲಿ ಹೆಸರಿಗಷ್ಟೇ ಉಳಿದಿರುತ್ತದೆ. ಹೊಸ ಬಡಾವಣೆಯ ಮನೆಗಳ ಸ್ಥಿತಿ ಇದಕ್ಕಿಂತ ತುಂಬ ಉತ್ತಮವೇನಲ್ಲ. ಮಹಡಿ ಮಹಡಿಗಳ ನಡುವೆ ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಇರುತ್ತದೆ, ರೌಟರ್ ಮಾತ್ರ ವೈರಿಂಗ್ ಮಾಡಿದವರು ಅನುಕೂಲ ನೋಡಿ ಮೆಟ್ಟಿಲ ಕೆಳಗೋ ಟಿವಿ ಕಪಾಟಿನ ಹಿಂದೆಯೋ ಬಿಟ್ಟ ಜಾಗದಲ್ಲಿರುತ್ತದೆ. ಅದು ನೋಡಲು ಚೆನ್ನಾಗಿಲ್ಲ ಎಂದು ಸ್ಟೀಲ್ ಡಬ್ಬಿಗಳ ಸಾಲಿನ ಹಿಂದೆ ಬಚ್ಚಿಟ್ಟವರನ್ನೂ ಕಂಡಿದ್ದೇನೆ.

ರೌಟರ್‌ಗಳು ಸಾಮಾನ್ಯವಾಗಿ ಎರಡು ತರಂಗಗಳಲ್ಲಿ ಮಾತನಾಡುತ್ತವೆ. 2.4 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ಮೇಲು, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6 ಮತ್ತು 11 ಈ ಮೂರು ಮಾತ್ರ. ಮನೆಗೆ ಮನೆ ಅಂಟಿಕೊಂಡ ಕೌಲ್ ಬಜಾರಿನಂಥ ಜಾಗದಲ್ಲಿ ಅಕ್ಕಪಕ್ಕದ ರೌಟರ್‌ಗಳೆಲ್ಲ ಆ ಮೂರನ್ನೇ ಹಂಚಿಕೊಂಡು ಸರದಿ ಕಾಯುತ್ತವೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಒಂದೆರಡು ಗೋಡೆಗಳಾಚೆ ಸೋಲುತ್ತದೆ. ಹಾಗಾಗಿ ನಾನು ಹೇಳುವ ಪರಿಹಾರ ಯಾವ ಕಂಪನಿಗೂ ಲಾಭ ತರುವಂಥದ್ದಲ್ಲ: ರೌಟರನ್ನು ಮನೆಯ ನಡುಭಾಗಕ್ಕೆ, ಎದೆಯ ಮಟ್ಟಕ್ಕಿಂತ ಮೇಲೆ ತನ್ನಿ, ಜಾಗ ಬದಲಾಯಿಸದ ಟಿವಿಗೆ ತಂತಿಯನ್ನೇ ಎಳೆಸಿ, ಮೇಲಿನ ಮಹಡಿಗೆ ಬೇಕಿದ್ದರೆ ತಂತಿಯ ಮೂಲಕ ಎರಡನೆಯ ಆಕ್ಸೆಸ್ ಪಾಯಿಂಟ್ (ವೈಫೈ ಬಿತ್ತರಿಸುವ ಪೆಟ್ಟಿಗೆ) ಇಡಿಸಿ. ಅಗ್ಗದ ರಿಪೀಟರ್‌ಗಳು ಬಂದ ಸಂಕೇತವನ್ನು ಅದೇ ತರಂಗದಲ್ಲಿ ಮತ್ತೆ ಕಳುಹಿಸಬೇಕಾದ್ದರಿಂದ ವೇಗ ಅರ್ಧಕ್ಕೆ ಬೀಳುತ್ತದೆ. ಇದನ್ನೆಲ್ಲ ವಿವರಿಸಿದ ಮೇಲೂ ದೊಡ್ಡ ಯೋಜನೆಗೆ ಹಣ ಕಟ್ಟುವವರಿದ್ದಾರೆ. ಅಂಥ ಮನೆಗಳಲ್ಲಿ ರೌಟರ್ ಪಕ್ಕದಲ್ಲಿ ನಿಂತರೆ 300 ಬರುತ್ತದೆ, ಮಲಗುವ ಕೋಣೆಯಲ್ಲಿ ಮೊದಲಿನಷ್ಟೇ ಬರುತ್ತದೆ.

ಕಂಬದಿಂದ ಮನೆಗೆ ಬರುವ ಡ್ರಾಪ್ ಕೇಬಲ್‌ನ ಕಥೆ ಬೇರೆ. ಇಲ್ಲಿನ ದೋಷ ನಿಧಾನಕ್ಕಿಂತ ಹೆಚ್ಚಾಗಿ ಆಗಾಗ ಕಡಿದುಹೋಗುವ ರೂಪದಲ್ಲಿ ಕಾಣಿಸುತ್ತದೆ, ಆದರೆ ಗ್ರಾಹಕರಿಗೆ ಎರಡೂ ಒಂದೇ. ಫೈಬರ್‌ನಲ್ಲಿ ಬರುವ ಬೆಳಕಿನ ಬಲವನ್ನು ನಾವು ಪವರ್ ಮೀಟರ್‌ನಲ್ಲಿ ಡಿಬಿಎಂ ಲೆಕ್ಕದಲ್ಲಿ ಅಳೆಯುತ್ತೇವೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ ಎಂದರ್ಥ. ಫೈಬರ್‌ನ ಬೆಳಕನ್ನು ಇಂಟರ್ನೆಟ್ ಸಂಕೇತವಾಗಿಸುವ ಮನೆಯ ಓಎನ್‌ಟಿ ಪೆಟ್ಟಿಗೆಗಳು ಸಾಮಾನ್ಯವಾಗಿ ಮೈನಸ್ 8ರಿಂದ ಮೈನಸ್ 27ರವರೆಗೆ ಕೆಲಸ ಮಾಡುವಂತೆ ರೂಪುಗೊಂಡಿರುತ್ತವೆ. ಮೈನಸ್ 20 ಬಂದರೆ ನೆಮ್ಮದಿಯಿಂದ ಹೊರಡಬಹುದು; ಮೈನಸ್ 26 ಬಂದರೆ ಆ ಹೊತ್ತಿಗೆ ಎಲ್ಲವೂ ಸರಿಯಾಗಿಯೇ ಕಂಡರೂ ಮತ್ತೆ ದೂರು ಬರುವುದು ನಿಶ್ಚಿತ, ಏಕೆಂದರೆ ಕೇಬಲ್ ಸ್ವಲ್ಪ ಬಾಗಿದರೂ ಬೆಳಕು ತಲುಪುತ್ತಿಲ್ಲ ಎಂದು ಸೂಚಿಸುವ ಎಲ್‌ಓಎಸ್ ಎಂಬ ಕೆಂಪು ದೀಪ ಹತ್ತುತ್ತದೆ. ಸಂಪರ್ಕ ಹಾಕಿದ ದಿನವೇ ಈ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಮುಂದೆ ತೊಂದರೆ ಬಂದಾಗ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಕೇಳಿದರೆ ಹೇಳಲಾರದ ಹುಡುಗರೂ ನಮ್ಮಲ್ಲಿದ್ದಾರೆ; ಅವರ ಕೈಗೆ ಮೀಟರ್ ಕೊಡದೆ ಕೆಲಸಕ್ಕೆ ಕಳುಹಿಸಿದವರದ್ದು ಆ ತಪ್ಪು.

ಬೆಳಕು ಕುಗ್ಗಲು ನಮ್ಮೂರಿನಲ್ಲಿ ಕಾರಣಗಳಿಗೆ ಬರವಿಲ್ಲ. ಫೈಬರ್‌ನೊಳಗೆ ಬೆಳಕು ಹರಿಯುವ ತಿರುಳಿನ ಅಗಲ ಸುಮಾರು 9 ಮೈಕ್ರಾನ್ ಮಾತ್ರ. ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ ಮುಚ್ಚಳ ಮುರಿದ ಪೆಟ್ಟಿಗೆಯೊಳಗೆ ಕೆಂದೂಳು ಕೂತಿರುತ್ತದೆ, ಅದರ ಒಂದು ಕಣ ಕನೆಕ್ಟರ್‌ನ ತುದಿಯಲ್ಲಿದ್ದರೂ ಸಾಕು. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಒರೆಸುವ ಕಾಗದದಿಂದ ಶುಚಿಗೊಳಿಸಿದರೆ ಮೀಟರ್‌ನ ಅಂಕಿ ಕಣ್ಣೆದುರಿಗೇ ಸುಧಾರಿಸುವುದನ್ನು ನೋಡಬಹುದು; ಅಂಗಿಯ ತುದಿಯಿಂದ ಒರೆಸಿದರೆ ಹದಗೆಡುತ್ತದೆ. ಹಸಿರು ಕನೆಕ್ಟರ್‌ನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ಓರೆಯಿಲ್ಲದ್ದು. ಅವಸರದಲ್ಲಿ ಎರಡನ್ನೂ ಒಂದಕ್ಕೊಂದು ಸಿಕ್ಕಿಸಿದರೆ ಹಿಡಿದುಕೊಳ್ಳುತ್ತವೆ, ಬೆಳಕು ಮಾತ್ರ ಸರಿಯಾಗಿ ದಾಟುವುದಿಲ್ಲ. ಇದರ ಜೊತೆಗೆ ಬಿಸಿಲಿಗೆ ಸಿಪ್ಪೆ ಒಡೆದ ಕೇಬಲ್, ಎತ್ತರದ ಲೋಡು ತುಂಬಿದ ಗಾಡಿಗೆ ಸಿಕ್ಕಿ ಹರಿದ ತಂತಿ, ಒಳಚರಂಡಿಗೆಂದು ಅಗೆದ ಜೆಸಿಬಿ ಇವೆಲ್ಲ ಸೇರಿಕೊಳ್ಳುತ್ತವೆ.

ಈ ಎರಡೂ ಹಂತಗಳು ಸರಿಯಿದ್ದು ತಂತಿಯಲ್ಲೇ ವೇಗ ಕುಸಿಯುತ್ತಿದ್ದರೆ ಸಮಯ ನೋಡಬೇಕು. ಮನೆಗಳಿಗೆ ಹೆಚ್ಚಾಗಿ ಬಳಸುವ ಜಿಪಾನ್ ವ್ಯವಸ್ಥೆಯಲ್ಲಿ ಕೇಂದ್ರದ ಒಂದು ಪೋರ್ಟಿನಿಂದ ಸುಮಾರು 2.5 ಗಿಗಾಬಿಟ್ ಕೆಳಗೆ ಬರುತ್ತದೆ, 1.25 ಗಿಗಾಬಿಟ್ ಮೇಲೆ ಹೋಗುತ್ತದೆ. ಸ್ಪ್ಲಿಟರ್ ಅದನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ. 64 ಮನೆಯವರೂ ಒಂದೇ ಕ್ಷಣದಲ್ಲಿ ಪೂರ್ಣ ವೇಗ ಎಳೆದರೆ ತಲಾ 40 ಎಂಬಿಪಿಎಸ್ ಕೂಡ ಸಿಗುವುದಿಲ್ಲ. ಎಲ್ಲರೂ ಒಟ್ಟಿಗೆ ಎಳೆಯುವುದು ಅಪರೂಪವಾದ್ದರಿಂದ ಇದು ನಡೆಯುತ್ತದೆ, ಮತ್ತು ನಡೆಯಲೂ ಬೇಕು. ಕೊಡ ಹಿಡಿದು ಸಾಲು ನಿಂತ ಓಣಿಯ ನಲ್ಲಿಯ ಹಾಗೆ ಇದು ಹಂಚಿಕೆಯ ಮೇಲೆಯೇ ನಿಂತ ಏರ್ಪಾಡು. ನಿಜವಾದ ಇಕ್ಕಟ್ಟು ಹೆಚ್ಚಾಗಿ ಅದರ ಮೇಲಿನ ಹಂತದಲ್ಲಿರುತ್ತದೆ. ಸ್ಥಳೀಯ ಸೇವಾದಾರರು ಮೇಲಿನವರಿಂದ ಕೊಂಡ ಬ್ಯಾಂಡ್‌ವಿಡ್ತ್ ಅಷ್ಟೇ ಇರುತ್ತದೆ, ಸಂಪರ್ಕಗಳು ಮಾತ್ರ ಏರುತ್ತಲೇ ಹೋಗುತ್ತವೆ. ಬೆಳಿಗ್ಗೆ 6ಕ್ಕೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ ತಂತಿಯಲ್ಲಿಯೇ ಅಳೆದು ನೋಡಿದಾಗ ಬೆಳಿಗ್ಗೆ ಪೂರ್ಣ, ರಾತ್ರಿ ಕಾಲು ಭಾಗ ಎಂದು ದಿನವೂ ಕಂಡರೆ, ಆಗ ಕಂಪನಿ ಬದಲಿಸಿ ಎಂದು ನಾನೇ ಹೇಳುತ್ತೇನೆ. ಅಳೆಯುವಾಗ ಒಂದು ಎಚ್ಚರ ಬೇಕು: ಪರೀಕ್ಷೆಯ ಸರ್ವರ್ ಅದೇ ಕಂಪನಿಯ ಜಾಲದೊಳಗಿದ್ದರೆ ಹೊರಗಿನ ಇಕ್ಕಟ್ಟು ಕಾಣುವುದಿಲ್ಲ, ಆದ್ದರಿಂದ ಬೆಂಗಳೂರು ಅಥವಾ ಹೈದರಾಬಾದಿನಲ್ಲಿರುವ ಬೇರೆ ಕಂಪನಿಯ ಸರ್ವರ್ ಆರಿಸಿ ಮತ್ತೊಮ್ಮೆ ನೋಡಬೇಕು.

ಬದಲಿಸುವುದು ನಿಶ್ಚಯವಾದ ಮೇಲೆ ಆಯ್ಕೆ ಹೇಗೆ? ಜಾಹೀರಾತಿನ ವೇಗಕ್ಕೆ ನಾನು ಕೊನೆಯ ಸ್ಥಾನ ಕೊಡುತ್ತೇನೆ. ಸರ್ಕಾರದ ವ್ಯಾಖ್ಯೆಯೂ ನೆರವಿಗೆ ಬರುವುದಿಲ್ಲ. 2023ರಲ್ಲಿ ಪರಿಷ್ಕರಿಸಿದ ಮೇಲೂ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2 ಎಂಬಿಪಿಎಸ್ ಅಷ್ಟೇ, ಅದಕ್ಕೆ ಮೊದಲು 512 ಕೆಬಿಪಿಎಸ್ ಇತ್ತು. ನೆರವಾಗುವುದು ನಿಮ್ಮದೇ ಕಂಬದಿಂದ ಸಂಪರ್ಕ ಪಡೆದ ನೆರೆಮನೆಯವರು. ಗಾಂಧಿನಗರದಲ್ಲಿ ಒಳ್ಳೆಯ ಹೆಸರಿರುವ ಕಂಪನಿ ಮೋಕಾ ರಸ್ತೆಯಲ್ಲಿ ಸೊರಗಿರಬಹುದು, ಏಕೆಂದರೆ ಕಂಪನಿಯ ಹೆಸರು ಒಂದೇ ಆದರೂ ಆಯಾ ಬಡಾವಣೆಯ ಲೈನ್ ನೋಡಿಕೊಳ್ಳುವ ಗುತ್ತಿಗೆದಾರರು ಬೇರೆ ಬೇರೆ. ನೆರೆಯವರನ್ನು ವೇಗದ ಬಗ್ಗೆ ಕೇಳುವುದಕ್ಕಿಂತ, ಹಿಂದಿನ ಸಲ ಫೈಬರ್ ತುಂಡಾದಾಗ ಎಷ್ಟು ಹೊತ್ತಿಗೆ ಸರಿಹೋಯಿತು, ಭಾನುವಾರ ಯಾರಾದರೂ ಫೋನ್ ಎತ್ತಿದರೇ, ಜೆಸ್ಕಾಂ ಕರೆಂಟ್ ಹೋದಾಗ ನಿಮ್ಮ ರೌಟರ್‌ಗೆ ಯುಪಿಎಸ್ ಇದ್ದರೂ ನೆಟ್ ನಿಲ್ಲುತ್ತದೆಯೇ ಎಂದು ಕೇಳಿ. ನಿಲ್ಲುತ್ತದೆ ಎಂದಾದರೆ ಕಂಪನಿಯವರ ಉಪಕರಣಕ್ಕೆ ಬ್ಯಾಟರಿ ಇಲ್ಲವೆಂದೇ ಅರ್ಥ. ಬೆಲೆಯ ವಿಷಯದಲ್ಲಿ ಹೇಳಿದ ದರದ ಮೇಲೆ ಶೇ. 18 ಜಿಎಸ್‌ಟಿ ಸೇರುತ್ತದೆ ಎಂಬುದನ್ನೂ, ಅನಿಯಮಿತ ಎಂದು ಬರೆದಿದ್ದರೂ ತಿಂಗಳ ಮಿತಿ ದಾಟಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನೂ ಕೇಳಿ ತಿಳಿಯಬೇಕು.

ವ್ಯಾಪಾರಸ್ಥರಿಗೆ ಇನ್ನೆರಡು ಪ್ರಶ್ನೆಗಳಿವೆ. ನಮ್ಮೂರಿನ ಜೀನ್ಸ್ ವ್ಯಾಪಾರಿಗಳು ಹೊರ ಊರಿನ ಖರೀದಿದಾರರಿಗೆ ದಿನವಿಡೀ ಫೋಟೋ, ವಿಡಿಯೋ ಕಳುಹಿಸುತ್ತಾರೆ. ಅವರಿಗೆ ಬೇಕಾದದ್ದು ಅಪ್‌ಲೋಡ್ ವೇಗ. ಅಪ್‌ಲೋಡ್ ಪೂರ್ತಿ ತುಂಬಿಕೊಂಡಾಗ ಡೌನ್‌ಲೋಡ್ ಕೂಡ ತೆವಳುತ್ತದೆ, ಏಕೆಂದರೆ ಬಂದ ಪ್ರತಿ ಕಂತಿಗೂ ಸ್ವೀಕೃತಿ ಮೇಲಕ್ಕೆ ಹೋಗಬೇಕು. ಸಿಸಿಟಿವಿಯನ್ನು ಹೊರಗಿನಿಂದ ನೇರವಾಗಿ ನೋಡಬೇಕೆನ್ನುವವರು ಪಬ್ಲಿಕ್ ಐಪಿ ವಿಳಾಸ ಕೊಡುತ್ತೀರಾ ಎಂದು ಮೊದಲೇ ಕೇಳಬೇಕು. ಹಲವು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸುವ ಪದ್ಧತಿ ಸಾಮಾನ್ಯವಾಗಿದ್ದು, ಅದರಲ್ಲಿ ನೇರ ಸಂಪರ್ಕ ಸಾಧ್ಯವಾಗುವುದಿಲ್ಲ.

ದೂರು ಕೊಡುವಾಗ ಲೈನ್‌ಮನ್‌ಗೆ ಫೋನ್ ಮಾಡಿ ಸುಮ್ಮನಾಗಬಾರದು. ಕಂಪನಿಯ ದೂರು ಕೇಂದ್ರದಲ್ಲಿ ದಾಖಲಿಸಿ ಸಂಖ್ಯೆ ಪಡೆಯಬೇಕು, ಪರಿಹಾರ ಸಿಗದಿದ್ದರೆ ಅದೇ ಸಂಖ್ಯೆ ತೋರಿಸಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮ ರೂಪಿಸುತ್ತದೆಯೇ ಹೊರತು ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ಹಳೆಯ ಸಂಪರ್ಕವನ್ನು ಹೊಸದು ಬಂದ ದಿನವೇ ಕಡಿಸಬೇಡಿ. ಒಂದು ವಾರಾಂತ್ಯದ ರಾತ್ರಿಗಳನ್ನು ಹೊಸದು ದಾಟಲಿ, ಆಮೇಲೆ ರೌಟರ್ ಹಿಂದಿರುಗಿಸಿ ರಸೀದಿ ಪಡೆಯಿರಿ. ಮನೆಯಿಂದಲೇ ಕೆಲಸ ಮಾಡುವವರು ಎರಡು ಸಂಪರ್ಕ ಇಟ್ಟುಕೊಳ್ಳುವುದುಂಟು. ಆದರೆ ಎರಡು ಕಂಪನಿಗಳ ಫೈಬರ್ ಒಂದೇ ಕಂಬದ ಮೇಲೆ, ಒಂದೇ ಗುಂಡಿಯೊಳಗೆ ಸಾಗಿ ಬರುತ್ತಿದ್ದರೆ ಒಂದೇ ಜೆಸಿಬಿಗೆ ಎರಡೂ ತುಂಡಾಗುತ್ತವೆ. ಅಂಥವರು ಒಂದನ್ನು ಫೈಬರ್‌ನಲ್ಲಿಯೂ ಇನ್ನೊಂದನ್ನು ಟವರ್‌ನಿಂದ ಬರುವ 5ಜಿ ಸಂಪರ್ಕದಲ್ಲಿಯೂ ಇಟ್ಟುಕೊಳ್ಳುವುದು ಒಳ್ಳೆಯದು. ಆ ಉಪಕರಣವನ್ನು ಹಾಕಿಸುವ ಮೊದಲು ತಾರಸಿಯ ಮೇಲೆ ಅದೇ ಕಂಪನಿಯ ಸಿಮ್ ಇರುವ ಫೋನಿನಲ್ಲಿ ರಾತ್ರಿ 9ಕ್ಕೆ ವೇಗ ಅಳೆದು ನೋಡಬೇಕು.