ಆಳ ಎರಡು ಪಟ್ಟು, ಸಮಯ ನಾಲ್ಕು ಪಟ್ಟು

ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಘಟಕವೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಕೇಸ್ ಡೆಪ್ತ್, ಅಂದರೆ ಉಕ್ಕಿನ ಮೇಲ್ಮೈಗೆ ಕಾರ್ಬನ್ ಇಳಿಸಿ ಗಟ್ಟಿ ಮಾಡಿದ ಪದರದ ಆಳ, ಕಡಿಮೆ ಬಂದರೆ ಉತ್ತರ ಹೇಳಬೇಕಾದವರು ನಾವು. ಜಾಬ್ ಕಾರ್ಡಿನಲ್ಲಿ ಗಂಟೆ ಬರೆಯುವವರು ಪ್ಲಾನಿಂಗ್‌ನವರು. ಈ ಏರ್ಪಾಡಿನ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ.

ಬಂದಿದ್ದು 20 ಎಂಎನ್ ಸಿಆರ್ 5 ಉಕ್ಕಿನ ಗೇರುಗಳು. ಎಂದಿನ 0.6 ಮಿ.ಮೀ. ಕೇಸಿಗೆ 925 ಡಿಗ್ರಿಯಲ್ಲಿ ಮೂರು ಗಂಟೆ ಸಾಕಾಗುತ್ತಿತ್ತು. ಈ ಬಾರಿ ಗ್ರಾಹಕರು ಕೇಳಿದ್ದು 1.2. ಕಾರ್ಡಿನಲ್ಲಿ ಆರು ಗಂಟೆ ಎಂದಿತ್ತು. "ಸರ್, ಹನ್ನೆರಡು ಬೇಕು" ಎಂದೆ. "ಆಳ ಎರಡು ಪಟ್ಟಾದರೆ ಸಮಯವೂ ಎರಡು ಪಟ್ಟು. ನಾಳೆ ಡಿಸ್ಪ್ಯಾಚ್ ಇದೆ, ಫರ್ನೇಸಿಗೆ ಚಾರ್ಜ್ ಮಾಡಿ" ಎಂದರು ಮ್ಯಾನೇಜರ್.

ಕಾರ್ಬನ್ ಒಳಕ್ಕೆ ನೇರವಾಗಿ ನಡೆದುಹೋಗುವುದಿಲ್ಲ. ಕಬ್ಬಿಣದ ಪರಮಾಣುಗಳ ನಡುವಿನ ಸಂದಿನಲ್ಲಿ ಕುಳಿತ ಅದು ಪಕ್ಕದ ಖಾಲಿ ಸಂದಿಗೆ ಜಿಗಿಯುತ್ತದೆ. ಮರುಗಳಿಗೆ ಹಿಂದಕ್ಕೂ ಜಿಗಿಯಬಹುದು. ಒಂದೊಂದು ಜಿಗಿತಕ್ಕೆ ದಿಕ್ಕೆಂಬುದೇ ಇಲ್ಲ. ಮೇಲ್ಮೈಯಲ್ಲಿ ಕಾರ್ಬನ್ ಹೆಚ್ಚಿರುವುದರಿಂದ ಒಟ್ಟು ಲೆಕ್ಕದಲ್ಲಿ ಹರಿವು ಒಳಮುಖವಾಗುತ್ತದೆ, ಅಷ್ಟೆ. ಕೇಸ್ ಆಳವಾದಂತೆ ಆ ಏರುಪೇರು ಸಪಾಟಾಗುತ್ತದೆ, ಹರಿವು ನಿಧಾನವಾಗುತ್ತದೆ. ಆಳ ಬೆಳೆಯುವುದು ಸಮಯದ ವರ್ಗಮೂಲದಂತೆ. ಅಡಾಲ್ಫ್ ಫಿಕ್ ಎಂಬ ಶರೀರಕ್ರಿಯಾ ವಿಜ್ಞಾನಿ 1855ರಲ್ಲಿ, ನೀರಿನಲ್ಲಿ ಉಪ್ಪು ಹರಡುವುದನ್ನು ಅಳೆಯುತ್ತಾ, ಈ ಲೆಕ್ಕದ ತಳಹದಿ ಹಾಕಿದ. ನಮ್ಮ ಫರ್ನೇಸಿಗೂ ಅದೇ ಅನ್ವಯ.

ಆರು ಗಂಟೆಯ ಆ ಚಾರ್ಜಿನ, ಟೆಂಪರಿಂಗ್ (ಬಿರುಸು ತಗ್ಗಿಸಲು ಮತ್ತೆ ಹದವಾಗಿ ಕಾಯಿಸುವುದು) ಮುಗಿದ ಟೆಸ್ಟ್ ಪೀಸ್ ಲ್ಯಾಬಿಗೆ ಬಂದಾಗ ಮ್ಯಾನೇಜರ್ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಕತ್ತರಿಸಿ, ಮೌಂಟ್ ಮಾಡಿ, ಪಾಲಿಶ್ ಮಾಡಿ ಗಡಸುತನ ಅಳೆಯುವ ವಿಕರ್ಸ್ ಯಂತ್ರಕ್ಕೆ ಇಟ್ಟೆ. ಮೇಲ್ಮೈಯಿಂದ 0.1 ಮಿ.ಮೀ. ಒಳಗೆ ಗಡಸುತನ 720. 0.3ರಲ್ಲಿ 690. 0.5ರಲ್ಲಿ 640. ಅವರ ಉಸಿರು ಸಡಿಲವಾಯಿತು. 0.7ರಲ್ಲಿ 590. ಅಲ್ಲಿಂದ ಮುಂದಿನ ಪ್ರತಿ ಗುರುತಿಗೂ ಕಣ್ಣು ಮಿಟುಕಿಸದೆ ಅಳೆದೆ. 0.8ರಲ್ಲಿ 562. 0.9ರಲ್ಲಿ 538. ಕೇಸ್ ಅಲ್ಲಿಗೆ ಮುಗಿಯಿತು ಎಂದು ಲೆಕ್ಕ ಹಾಕುವ 550ರ ಗೆರೆ 0.85ರಲ್ಲೇ ದಾಟಿಹೋಗಿತ್ತು. "ಇನ್ನೊಂದು ಕಡೆ ನೋಡಿ" ಎಂದರು. ನೋಡಿದೆ. ಅಲ್ಲಿಯೂ ಅದೇ. ಎರಡರ ವರ್ಗಮೂಲವನ್ನು 0.6ರಿಂದ ಗುಣಿಸಿದರೆ ಬರುವುದು ಅಷ್ಟೇ ತಾನೆ!

ಮರುಚಾರ್ಜಿಗೆ ಅವರು ಹೇಳಿದ್ದು ಉಷ್ಣತೆ ಏರಿಸುವ ಉಪಾಯ. ಅದು ಪೂರ್ತಿ ತಪ್ಪಲ್ಲ. ಉಷ್ಣತೆ 25 ಡಿಗ್ರಿ ಏರಿದರೆ ಕಾರ್ಬನ್ನಿನ ಡಿಫ್ಯೂಷನ್ (ಹರಡುವ ವೇಗ) ಸುಮಾರು ಮೂರನೇ ಒಂದರಷ್ಟು ಹೆಚ್ಚುತ್ತದೆ. ಆದರೆ ಸಮಯವನ್ನು ಅರ್ಧಕ್ಕಿಳಿಸಲು 985ರ ಹತ್ತಿರ ಹೋಗಬೇಕು. ಅಲ್ಲಿ ಗ್ರೇನ್ (ಉಕ್ಕಿನೊಳಗಿನ ಹರಳು) ದಪ್ಪಗಾಗುವ ಭಯ, ಫರ್ನೇಸಿನೊಳಗಿನ ಪಾತ್ರೆಯಾದ ರಿಟಾರ್ಟಿನ ಆಯುಷ್ಯಕ್ಕೂ ಹೊಡೆತ. ಈ ಸಲ ಕಾರ್ಡಿಗೆ ನಾನು ಸಹಿ ಹಾಕಲಿಲ್ಲ. 925ರಲ್ಲೇ ಇನ್ನೂ ಆರು ಗಂಟೆ ಇಟ್ಟೆವು. ಆಳ ಸಿಕ್ಕಿತು. ಎರಡನೇ ಸಲ ಕಾಯಿಸಿ ಕ್ವೆಂಚ್ ಮಾಡಿದ್ದರಿಂದ (ತಟ್ಟನೆ ತಣಿಸಿದ್ದರಿಂದ) ಕೆಲವು ಗೇರುಗಳ ಬೋರ್ (ನಡುವಿನ ತೂತು) ಮಾತ್ರ ಗ್ರೈಂಡಿಂಗ್ ಅಲೋಯನ್ಸ್, ಅಂದರೆ ಉಜ್ಜಿ ಸರಿಪಡಿಸಲು ಬಿಟ್ಟ ಅಂಚು, ಮೀರಿ ವಕ್ರವಾದವು. ಡಿಸ್ಪ್ಯಾಚ್ ಹೇಗೂ ತಪ್ಪಿತ್ತು.

ಪ್ಲಾನಿಂಗ್ ಸಾಫ್ಟ್‌ವೇರ್ ಇಂದಿಗೂ ಆಳವನ್ನು ನೇರವಾಗಿ ಗಂಟೆಗೆ ಗುಣಿಸುತ್ತದೆ. ಬದಲಿಸಿ ಎಂದು ಬರೆದುಕೊಟ್ಟ ಅರ್ಜಿ ಐಟಿ ವಿಭಾಗದಲ್ಲಿದೆ. ಅದು ಬದಲಾಗುವವರೆಗೆ ಲ್ಯಾಬಿನ ಸಹಿ ಇಲ್ಲದ ಕಾರ್ಡಿಗೆ ಫರ್ನೇಸ್ ಆಪರೇಟರ್‌ಗಳು ಚಾರ್ಜ್ ಮಾಡುವುದಿಲ್ಲ. ಹಾಗೆಂದು ಅವರೇ ತೀರ್ಮಾನಿಸಿದ್ದಾರೆ.