ಹಳದಿ ಬಂಪರ್ ಡಿಲೀಟ್ ಮಾಡಿದ ಕಥೆ

ಎರಡು ವರ್ಷದ ಹಿಂದೆ ನಮ್ ಟೀಮಿಗೆ ಒಂದು ಸ್ಟಾಕ್ ಕಾರ್ (ಮಾಮೂಲಿ ಕಾರಿನ ರೂಪದ ರೇಸ್ ಕಾರ್) ರೇಸಿಂಗ್ ಗೇಮ್‌ನ ಹಳೇ ಕೋಡ್ ಬಂತು, ಹೊಸ ಕನ್ಸೋಲಲ್ಲಿ ಓಡೋ ಹಾಗೆ ಮಾಡ್ಬೇಕು, ಸೈಜೂ ಇಳಿಸ್ಬೇಕು. ಯಾರೂ ಬಳಸದೇ ಒಳಗೆ ಕೂತಿರೋ ಫೈಲ್ ಹುಡುಕಿ ತೆಗೆಯೋ ಕೆಲಸ ನಂಗೆ ಬಿತ್ತು. ಖುಷಿಯಾಗಿ ಒಪ್ಕೊಂಡೆ, ಯಾಕಂದ್ರೆ ಹಳೇ ಪ್ಲೇಸ್ಟೇಷನ್ ಡಿಸ್ಕ್‌ಗಳನ್ನ ಫೈಲಿನ ಬೈಟ್ ಬೈಟನ್ನೂ ತೋರ್ಸೋ ಹೆಕ್ಸ್ ಎಡಿಟರಲ್ಲಿ ತೆರೆದು ನೋಡೋದು ಕಾಲೇಜಿಂದ್ಲೂ ನನ್ ಹವ್ಯಾಸ. 10 00 00 00 ಅಂತ ನಾಲ್ಕು ಬೈಟ್ ಕಂಡ್ರೆ ಅಲ್ಲೊಂದು ಟಿಮ್ (ಪ್ಲೇಸ್ಟೇಷನ್ನಿನ ಚಿತ್ರದ ಫಾರ್ಮ್ಯಾಟ್) ಚಿತ್ರ ಇರಬಹುದು, ಅದನ್ನ ಬಿಡಿಸಿ ನೋಡಿದಾಗ ಗೇಮಲ್ಲಿ ಎಲ್ಲೂ ಕಾಣದ ಕಾರಿನ ಬಣ್ಣ ಎದುರಿಗೆ ಬಂದ್ರೆ ಆಗೋ ಸಂತೋಷ ಬೇರೇನೇ.

ನಾನು ಮಾಡಿದ್ದು ಇಷ್ಟು: ಪ್ರತಿ ಟೆಕ್ಸ್ಚರ್ (ಕಾರು, ಗೋಡೆ ಮೇಲೆ ಅಂಟಿಸೋ ಚಿತ್ರ) ಫೈಲ್ ಹೆಸರನ್ನ ಕೋಡಲ್ಲಿ ಸರ್ಚ್ ಮಾಡೋದು, ಸಿಗ್ಲಿಲ್ಲ ಅಂದ್ರೆ ಬಳಕೇಲಿಲ್ಲ ಅಂತ ಬರ್ಕೊಳ್ಳೋದು. ಆದ್ರೆ ಎಷ್ಟೋ ಹಳೇ ಗೇಮ್‌ಗಳು ಫೈಲ್ ಹೆಸರನ್ನ ಪೂರ್ತಿ ಬರೆದಿಟ್ಟಿರಲ್ಲ, ಓಡೋವಾಗ ಕಾರ್ ನಂಬರ್ ಸೇರಿಸಿ ಕಟ್ಕೊಳ್ತವೆ. ಅದರಲ್ಲೂ ಅಮೆರಿಕದ ಸ್ಟಾಕ್ ಕಾರ್ ರೇಸ್ ನ್ಯಾಸ್ಕಾರಲ್ಲಿ 1 ಬೇರೆ, 01 ಬೇರೆ ನಂಬರ್. 2004ರಲ್ಲಿ ಡ್ರೈವರ್ ಜೋ ನೆಮೆಚೆಕ್ ಓಡಿಸಿದ್ದು 01. ಹೀಗಿರೋವಾಗ ಪೂರ್ತಿ ಹೆಸರು ಹುಡುಕಿದ್ರೆ ಏನು ಸಿಗುತ್ತೆ? ನನ್ ಲಿಸ್ಟಲ್ಲಿ ಅರ್ಧಕ್ಕರ್ಧ ಜೀವಂತ ಫೈಲ್‌ಗಳೇ ಇದ್ವು.

ಅದನ್ನೇನೋ ಹಿರಿಯ ಪ್ರೋಗ್ರಾಮರ್ ಒಬ್ರು ಬೇಗ ಹಿಡಿದ್ರು, ಸರಿಮಾಡ್ಕೊಂಡೆ. ಉಳಿದಿದ್ರಲ್ಲಿ ಒಂದು ಹಳದಿ ಹಿಂಬಂಪರ್ ಇತ್ತು, ಒಂದೇ ಬಣ್ಣದ ಪಟ್ಟಿ. ಐದಾರು ಟ್ರ್ಯಾಕಲ್ಲಿ ಕ್ವಿಕ್ ರೇಸ್ ಆಡಿ ನೋಡ್ದೆ, ಎಲ್ಲೂ ಲೋಡ್ ಆಗ್ಲಿಲ್ಲ, ಯಾರೋ ಟೆಸ್ಟಿಗೆ ಮಾಡಿ ಬಿಟ್ಟಿದ್ದು ಅಂದ್ಕೊಂಡು ಡಿಲೀಟ್ ಮಾಡ್ದೆ. ಎರಡು ವಾರ ಆದ್ಮೇಲೆ ಗೇಮ್ ಟೆಸ್ಟ್ ಮಾಡೋ ಕ್ಯೂಎ ಟೀಮಿಂದ ಬಗ್ ಬಂತು, ಹೊಸ ಡ್ರೈವರಾಗಿ ಶುರುಮಾಡಿ ಸೀಸನ್ ಸೀಸನ್ ಆಡೋ ಕರಿಯರ್ ಮೋಡಲ್ಲಿ ಮೊದಲ್ನೇ ಸೀಸನ್ ಶುರು ಮಾಡಿದ್ರೆ ಗೇಮ್ ಕ್ರ್ಯಾಶ್. ನ್ಯಾಸ್ಕಾರಲ್ಲಿ ರೂಕಿ ಡ್ರೈವರ್ ಕಾರಿನ ಹಿಂಬಂಪರ್‌ಗೆ ಹಳದಿ ಬಳಿಯೋದು ಪದ್ಧತಿ, ಹಿಂದೆ ಬರೋರಿಗೆ ಇವನು ಹೊಸಬ ಅಂತ ಗೊತ್ತಾಗ್ಲಿ ಅಂತ. ಆಟ ನೋಡಿ ಬೆಳೆದ ಅಮೆರಿಕದ ಹುಡುಗನಿಗೆ ಆ ಪಟ್ಟಿ ನೋಡಿದ ಕ್ಷಣವೇ ತಿಳೀತಿತ್ತು. ನಂಗೆ ಫೈಲ್ ಗೊತ್ತಿತ್ತು, ಆಟ ಗೊತ್ತಿರ್ಲಿಲ್ಲ.

ಆವತ್ತಿಂದ ಕ್ರಮ ಬದಲಾಯ್ತು. ಯಾವ ಫೈಲ್ ಯಾವಾಗ ಓದ್ತು ಅಂತ ಲಾಗ್ ಹಾಕ್ದೆ, ಅಪಘಾತ ಆದಾಗ ತೋರ್ಸೋ ಯೆಲ್ಲೋ ಫ್ಲ್ಯಾಗ್ ಆನ್ ಇಟ್ಟು, ಎಲ್ಲರನ್ನೂ ನಿಧಾನ ಮಾಡ್ಸೋ ಪೇಸ್ ಕಾರ್ ಬರೋತನಕ ಆಡ್ದೆ, ಬೇಕಂತ್ಲೇ ಗೋಡೆಗೆ ಗುದ್ದಿ ಡ್ಯಾಮೇಜ್ ನೋಡ್ದೆ, ಟೈರ್ ಬದಲಾಯ್ಸೋ ಪಿಟ್‌ಗೆ ಹೋದೆ, ರೂಲ್‌ಬುಕ್ ಓದ್ದೆ. ಲಿಸ್ಟ್ ತುಂಬಾ ಸಣ್ಣದಾಯ್ತು. ಕೊನೇಗೆ ನಿಜವಾಗ್ಲೂ ಯಾರೂ ಕರೀದೇ ಉಳಿದಿದ್ರಲ್ಲಿ ಮುಖ್ಯವಾದ್ದು ಒಂದು ಬಿಯರ್ ಲೋಗೋ. ನಿಜವಾದ ರೇಸಲ್ಲಿ ಡ್ರೈವರ್ ರಸ್ಟಿ ವಾಲೇಸ್‌ನ 2ನೇ ನಂಬರ್ ಕಾರಿನ ಮೇಲೆ ಮಿಲ್ಲರ್ ಬಿಯರ್ ಹೆಸರು ಇರ್ತಿತ್ತಲ್ಲ, ಮಕ್ಕಳೂ ಆಡೋ ಗೇಮಲ್ಲಿ ಅಂಥದ್ದನ್ನ ತೆಗೆದು ಬೇರೆ ಡಿಸೈನ್ ಹಾಕೋದುಂಟು. ನಮ್ಮಲ್ಲೂ ಹಾಗೇ ಬದಲಾಯ್ಸಿದ್ರು, ಹಳೇದು ಮಾತ್ರ ಒಳಗೇ ಉಳಿದಿತ್ತು. 2005ರಲ್ಲಿ ಜಿಟಿಎ ಸ್ಯಾನ್ ಆಂಡ್ರಿಯಾಸ್ ಗೇಮ್ ಒಳಗೆ ಮುಚ್ಚಿಟ್ಟಿದ್ದ ಲೈಂಗಿಕ ದೃಶ್ಯ ಹೊರಬಂದು ರೇಟಿಂಗೇ ವಯಸ್ಕರಿಗೆ ಮಾತ್ರ ಅಂತ ಬದಲಾಗಿತ್ತು, ಹಾಗಾಗಿ ಇದನ್ನ ಲೀಗಲ್ ಟೀಮಿಗೆ ತೋರ್ಸಿ, ಅವರು ಹೂಂ ಅಂದ್ಮೇಲೆ ತೆಗೆದೆ. ಮೂಲ ಫೈಲನ್ನ ಆರ್ಕೈವಲ್ಲಿ ಹಾಗೇ ಇಟ್ಟಿದೀನಿ, ಯಾರೋ ಕೂತು ಬಿಡಿಸಿದ ಚಿತ್ರ ಅದು.