ಸೆಸಿಲ್ ವಿಲಿಯಮ್ಸ್ ಅವರ ಚರ್ಚು

ಸೆಸಿಲ್ ವಿಲಿಯಮ್ಸ್ ಬಗ್ಗೆ ಇವತ್ತು ಮತ್ತೆ ಓದುತ್ತಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದ ಗ್ಲೈಡ್ ಚರ್ಚಿಗೆ 1963ರಲ್ಲಿ ಬಂದ ಪಾದ್ರಿ. ಆಗ ಅಲ್ಲಿ ಭಾನುವಾರ ಸೇರುತ್ತಿದ್ದವರು ಕೆಲವೇ ಜನ. ಹೊರಗಿನ ಬೀದಿಯಲ್ಲಿ ಮಾತ್ರ ಮನೆಯಿಲ್ಲದವರು, ನಶೆಗೆ ಸಿಕ್ಕವರು, ಮನೆಯವರೇ ದೂರ ಮಾಡಿದ ಸಲಿಂಗಿಗಳು. ಅವರನ್ನೆಲ್ಲ ಒಳಗೆ ಕರೆದರು.

1967ರಲ್ಲಿ ಗೋಡೆಯ ಮೇಲಿದ್ದ ಶಿಲುಬೆಯನ್ನೇ ತೆಗೆಸಿಬಿಟ್ಟರು. ಎದುರಿಗೆ ಕೂತ ಜನರೇ ಮುಖ್ಯ ಅಂತ. ಎಷ್ಟೋ ಭಕ್ತರಿಗೆ ನೋವಾಯಿತು. ಆಗೋದೇ, ಅಲ್ವಾ?

ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಅಲ್ಲಿನ ಊಟ. ಯಾವ ಧರ್ಮ, ಕೆಲಸ ಯಾಕಿಲ್ಲ ಅಂತ ವಿಚಾರಿಸದೆ ತಟ್ಟೆ ಕೊಡುತ್ತಾರೆ. ಈ ಕೆಲಸದಲ್ಲಿ ಅವರ ಪತ್ನಿ, ಕವಯಿತ್ರಿ ಜಾನಿಸ್ ಮಿರಿಕಿತಾನಿ 2021ರಲ್ಲಿ ತಾವು ತೀರಿಕೊಳ್ಳುವವರೆಗೂ ಜೊತೆಗಿದ್ದರು. ವಿಲಿಯಮ್ಸ್ 2024ರಲ್ಲಿ ತೀರಿಕೊಂಡರು. ಊಟ ನಿಂತಿಲ್ಲ.